ನಾಳೆಯ ಕರೆಂಟಿನ ಲೆಕ್ಕ: ಯಂತ್ರಕಲಿಕೆ ಮತ್ತು ನಮ್ಮ ವಿದ್ಯುತ್ ಜಾಲ



ಈ ಉಪನ್ಯಾಸಕ್ಕೆ ಒಪ್ಪಿಕೊಂಡಾಗ ಸಂಘಟಕರು ಎರಡು ಷರತ್ತು ಹಾಕಿದರು. ಮಾತು ಕನ್ನಡದಲ್ಲಿರಬೇಕು, ಬೋರ್ಡಿನ ಮೇಲೆ ಸಮೀಕರಣ ಬರೆಯಕೂಡದು. ಮೊದಲನೆಯದು ನನಗೆ ಸಂತೋಷದ ಷರತ್ತು. ಎರಡನೆಯದನ್ನು ಪಾಲಿಸುತ್ತೇನೆ, ಆದರೆ ಗುಣಾಕಾರ ಭಾಗಾಕಾರಗಳಿಗೆ ತಾವು ಅನುಮತಿ ಕೊಡಬೇಕು. ಅವಿಲ್ಲದೆ ವಿದ್ಯುತ್ತಿನ ವಿಷಯ ಮಾತಾಡಿದರೆ ಅದು ಭಾಷಣವಾಗುತ್ತದೆ, ಉಪನ್ಯಾಸವಾಗುವುದಿಲ್ಲ.

ಇಂದಿನ ವಿಷಯದ ವ್ಯಾಪ್ತಿಯನ್ನು ಮೊದಲೇ ಹೇಳಿಬಿಡುತ್ತೇನೆ. ವಿದ್ಯುತ್ ಜಾಲಕ್ಕೆ ಮುನ್ಸೂಚನೆ ಏಕೆ ಬೇಕು ಎಂಬಲ್ಲಿಂದ ಶುರುಮಾಡಿ, ಬೇಡಿಕೆಯನ್ನು ಯಂತ್ರ ಹೇಗೆ ಕಲಿಯುತ್ತದೆ ಎಂಬುದಕ್ಕೆ ಹೆಚ್ಚು ಹೊತ್ತು ಕೊಡುತ್ತೇನೆ. ಅಲ್ಲಿಂದ ಬಿಸಿಲು, ಗಾಳಿಗಳ ಕಡೆ ಹೋಗಿ, ಕಡೆಗೆ ಸೂಚನೆ ಕೈಗೆ ಬಂದಮೇಲೆ ತೀರ್ಮಾನ ಯಾರದು ಎಂಬ ಪ್ರಶ್ನೆಗೆ ಬರುತ್ತೇನೆ. ಜಾಲದ ಸೈಬರ್ ಸುರಕ್ಷತೆ ದೊಡ್ಡ ವಿಷಯ. ಅದನ್ನು ಇಂದು ಮುಟ್ಟುವುದಿಲ್ಲ.

ನನ್ನ ವಾದವೂ ಗುಟ್ಟಿನದಲ್ಲ. ಯಂತ್ರ ಕಲಿಯುವುದು ನಾವು ಬರೆದಿಟ್ಟ ದಾಖಲೆಯಿಂದ. ಜನಕ್ಕೆ ಎಷ್ಟು ಕರೆಂಟು ಬೇಕಿತ್ತು ಎಂಬುದು ನಮ್ಮ ದಾಖಲೆಗಳಲ್ಲಿ ಇಲ್ಲ. ನಾವು ಎಷ್ಟು ಕೊಟ್ಟೆವು ಎಂಬುದಷ್ಟೇ ಇದೆ. ಈ ವ್ಯತ್ಯಾಸವನ್ನು ಮರೆತು ಕಟ್ಟಿದ ಮುನ್ಸೂಚನೆ ಎಷ್ಟೇ ಜಾಣತನದ್ದಾದರೂ ಅರೆಕುರುಡು.

ಈಗ ಮೊದಲ ಭಾಗ. 1902ರಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ಸುಮಾರು 147 ಕಿಲೋಮೀಟರ್ ಉದ್ದದ ತಂತಿಯಲ್ಲಿ ವಿದ್ಯುತ್ ಹರಿಯಿತು. ಆ ಕಾಲದ ಎಂಜಿನಿಯರಿಗೆ ನಾಳೆಯ ಬೇಡಿಕೆ ಎಷ್ಟು ಎಂಬ ಚಿಂತೆ ಹೆಚ್ಚಾಗಿ ಇರಲಿಲ್ಲ. ಗಿರಾಕಿ ಒಬ್ಬನೇ, ಅವನ ಯಂತ್ರಗಳು ಹಗಲೂ ರಾತ್ರಿ ಓಡುತ್ತಿದ್ದವು, ಎಷ್ಟು ಶಕ್ತಿ ಬೇಕೆಂಬುದು ಒಪ್ಪಂದದಲ್ಲೇ ಇತ್ತು. 1905ರಲ್ಲಿ ಬೆಂಗಳೂರಿಗೆ ದೀಪ ಬಂತು. ಸಂಜೆಯಾದೊಡನೆ ಏರಿ, ಜನ ಮಲಗಿದೊಡನೆ ಇಳಿಯುವ ಹೊರೆ ಆಗ ಹುಟ್ಟಿತು. ಮುನ್ಸೂಚನೆಯ ಸಮಸ್ಯೆಯೂ ಅಲ್ಲಿಂದಲೇ ಆರಂಭ.

ಜಾಲದಲ್ಲಿ ಪ್ರತಿ ಕ್ಷಣವೂ ಉತ್ಪಾದನೆ ಮತ್ತು ಬಳಕೆ ಸಮನಾಗಿರಬೇಕು. ಸಮನಾಗಿದೆಯೇ ಎಂದು ತೋರಿಸುವ ಅಳತೆ ಆವರ್ತಾಂಕ, ನಾವು ಫ್ರೀಕ್ವೆನ್ಸಿ ಎಂದು ಕರೆಯುವುದು. ಅದು 50 ಹರ್ಟ್ಸ್ ಇರಬೇಕು. ಬಳಕೆ ಹೆಚ್ಚಾದರೆ ಎಲ್ಲ ಜನರೇಟರುಗಳ ವೇಗ ತುಸು ತಗ್ಗುತ್ತದೆ, ಕಡಿಮೆಯಾದರೆ ಏರುತ್ತದೆ. 49.90ರಿಂದ 50.05ರ ನಡುವೆ ಇರಬೇಕೆಂದು ಭಾರತದ ಗ್ರಿಡ್ ಸಂಹಿತೆ ಹೇಳುತ್ತದೆ. ಇದು ರಾಯಚೂರಿಗೂ ಜಮ್ಮುವಿಗೂ ಒಂದೇ ಅಂಕಿ. ಮೊದಲು ಹಾಗಿರಲಿಲ್ಲ. 2012ರ ಜುಲೈ 30 ಮತ್ತು 31ರಂದು ಉತ್ತರ ಭಾರತ ಕತ್ತಲಾದಾಗ, ಎರಡನೆಯ ದಿನ ಪೂರ್ವ ಮತ್ತು ಈಶಾನ್ಯ ಭಾರತವೂ ಕುಸಿದು 60 ಕೋಟಿಗೂ ಹೆಚ್ಚು ಜನ ವಾಸಿಸುವ ಪ್ರದೇಶ ಸ್ತಬ್ಧವಾದಾಗ, ನಮ್ಮ ಮನೆಗಳಲ್ಲಿ ದೀಪ ಉರಿಯುತ್ತಿತ್ತು. ದಕ್ಷಿಣದ ಜಾಲ ಆಗ ಉಳಿದ ದೇಶದೊಡನೆ ಒಂದೇ ಲಯದಲ್ಲಿ ಇರಲಿಲ್ಲ. 2013ರ ಡಿಸೆಂಬರ್ 31ರಂದು ರಾಯಚೂರು–ಸೋಲಾಪುರ 765 ಕೆ.ವಿ. ಮಾರ್ಗ ಚಾಲೂ ಆದಮೇಲೆ ಇಡೀ ದೇಶ ಒಂದು ಜಾಲವಾಯಿತು. ಅಂದಿನಿಂದ ಅವರ ತಪ್ಪು ನಮಗೆ ತಟ್ಟುತ್ತದೆ, ನಮ್ಮದು ಅವರಿಗೆ.

ಈ ಸಮತೋಲನವನ್ನು ಹಿಂದಿನ ದಿನವೇ ಕಾಗದದ ಮೇಲೆ ಕಟ್ಟಬೇಕು. ದಿನವನ್ನು 15 ನಿಮಿಷದ 96 ತುಂಡುಗಳಾಗಿ ಕತ್ತರಿಸಿ, ಒಂದೊಂದಕ್ಕೂ ಎಷ್ಟು ಮೆಗಾವಾಟ್ ಬೇಕು, ಎಲ್ಲಿಂದ ಬರುತ್ತದೆ ಎಂದು ಬೆಂಗಳೂರಿನ ರಾಜ್ಯ ಲೋಡ್ ಡಿಸ್ಪ್ಯಾಚ್ ಸೆಂಟರಿನಲ್ಲಿ ಲೆಕ್ಕವಾಗುತ್ತದೆ. ಕೊರತೆ ಬಿದ್ದದ್ದನ್ನು ವಿದ್ಯುತ್ ವಿನಿಮಯ ಕೇಂದ್ರದಲ್ಲಿ ಕೊಳ್ಳಬೇಕಾದರೆ ಮರುದಿನದ ಮಾರುಕಟ್ಟೆಗೆ ಬೆಳಿಗ್ಗೆಯೇ ಬಿಡ್ ಹಾಕಬೇಕು. ಸೋಮವಾರ ಬೆಳಿಗ್ಗೆ 10 ಗಂಟೆಗೆ ಕುಳಿತವರು ಮಂಗಳವಾರ ಮಧ್ಯರಾತ್ರಿಯವರೆಗಿನ ಲೆಕ್ಕ ಹೇಳಬೇಕು. ಅಂದರೆ ಕೊನೆಯ ತುಂಡು 38 ಗಂಟೆ ದೂರದಲ್ಲಿದೆ. 2020ರ ಜೂನ್ 1ರಿಂದ ಅರ್ಧ ಗಂಟೆಗೊಮ್ಮೆ ಹರಾಜು ನಡೆಯುವ ರಿಯಲ್ ಟೈಮ್ ಮಾರುಕಟ್ಟೆ ಬಂದಮೇಲೆ ತಿದ್ದಿಕೊಳ್ಳಲು ಅವಕಾಶವಿದೆ. ಆದರೆ ಎಲ್ಲರಿಗೂ ಒಟ್ಟಿಗೆ ಕೊರತೆಯಾದ ದಿನ ಅಲ್ಲಿ ಸಿಗುವುದು ದುಬಾರಿ ಕರೆಂಟು, ಕೆಲವೊಮ್ಮೆ ಅದೂ ಇಲ್ಲ.

ತಪ್ಪಿನ ಬೆಲೆಯನ್ನು ಹತ್ತಿರದಿಂದ ನೋಡೋಣ. ರಾಜ್ಯದ ಬೇಡಿಕೆ 15,000 ಮೆಗಾವಾಟ್ ಇರುವ ಹೊತ್ತಿನಲ್ಲಿ ಅಂದಾಜು ಶೇ. 2ರಷ್ಟು ತಪ್ಪಿತು ಎನ್ನಿ. ಪರೀಕ್ಷೆಯಲ್ಲಿ 98 ಅಂಕ ಎಂದರೆ ನಾವು ಸಿಹಿ ಹಂಚುತ್ತೇವೆ. ಇಲ್ಲಿ ಆ ಎರಡು ಅಂಕವೆಂದರೆ 300 ಮೆಗಾವಾಟ್. ಒಂದು ಕಾಲು ಗಂಟೆಗೆ 75,000 ಯೂನಿಟ್. ವಿನಿಮಯ ಕೇಂದ್ರದಲ್ಲಿ ಯೂನಿಟ್ಟಿಗೆ 10 ರೂಪಾಯಿಯ ಗರಿಷ್ಠ ಬೆಲೆ ತೆತ್ತರೆ ಏಳೂವರೆ ಲಕ್ಷ ರೂಪಾಯಿ, ಹದಿನೈದು ನಿಮಿಷಕ್ಕೆ. ಇದನ್ನು ಕೊನೆಗೆ ತುಂಬುವವರು ನಾವೇ, ಬಿಲ್ಲಿನ ಮೂಲಕ.

ಎರಡನೆಯ ಭಾಗಕ್ಕೆ ಬರುತ್ತೇನೆ: ಬೇಡಿಕೆಯ ಮುನ್ಸೂಚನೆ. ಹಿಂದೆ ಈ ಕೆಲಸವನ್ನು ಅನುಭವಿ ಎಂಜಿನಿಯರು ಮಾಡುತ್ತಿದ್ದರು. ನಾಳೆಯಂಥದೇ ಒಂದು ದಿನವನ್ನು ಹಳೆಯ ಲಾಗ್ ಪುಸ್ತಕದಲ್ಲಿ ಹುಡುಕಿ, ಸೆಖೆ ಮಳೆ ನೋಡಿ ಅಷ್ಟಿಷ್ಟು ಕೂಡಿಸಿ ಕಳೆದು ಅಂಕಿ ಹೇಳುತ್ತಿದ್ದರು. ಈ ಪದ್ಧತಿಯನ್ನು ನಾನು ಹಗುರವಾಗಿ ಕಾಣುವುದಿಲ್ಲ; ಇವತ್ತಿಗೂ ಎಷ್ಟೋ ದಿನ ಅದು ಕಂಪ್ಯೂಟರಿನ ಜೊತೆ ಸರಿಸಮ ನಿಲ್ಲುತ್ತದೆ. 1990ರ ದಶಕದಲ್ಲಿ ನರಜಾಲ ಮಾದರಿಗಳು ಅಮೆರಿಕದ ವಿದ್ಯುತ್ ಕಂಪನಿಗಳೊಳಗೆ ಬಂದವು. ಇಂದು ಹೆಚ್ಚು ಬಳಕೆಯಲ್ಲಿರುವುದರಲ್ಲಿ ನಿರ್ಣಯವೃಕ್ಷಗಳನ್ನು ಸರಣಿಯಾಗಿ ಜೋಡಿಸುವ ವಿಧಾನವೂ ಒಂದು. ಅದನ್ನೇ ವಿವರಿಸುತ್ತೇನೆ.

ಒಂದು ದೊಡ್ಡ ಕೋಷ್ಟಕವನ್ನು ಊಹಿಸಿಕೊಳ್ಳಿ. ಪ್ರತಿ ಸಾಲು ಒಂದು ಕಾಲು ಗಂಟೆ. ವರ್ಷಕ್ಕೆ 35,040 ಸಾಲು. ಒಂದು ಸಾಲಿನಲ್ಲಿ ಹೀಗಿರುತ್ತದೆ: ಗುರುವಾರ, ಬೆಳಿಗ್ಗೆ 10.15, ಬೆಂಗಳೂರಿನ ತಾಪಮಾನ, ಕಲಬುರಗಿಯ ತಾಪಮಾನ, ತೇವಾಂಶ, ಕಳೆದ ಮೂರು ದಿನದ ಮಳೆ, ರಜೆಯೋ ಅಲ್ಲವೋ, ನಿನ್ನೆ ಇದೇ ಹೊತ್ತಿನ ಹೊರೆ, ಹೋದ ವಾರ ಇದೇ ದಿನ ಇದೇ ಹೊತ್ತಿನ ಹೊರೆ. ಕೊನೆಯ ಕಾಲಮ್ಮಿನಲ್ಲಿ ನಿಜವಾಗಿ ದಾಖಲಾದ ಹೊರೆ. ಮೊದಲ ವೃಕ್ಷ ಕೆಲವು ಒರಟು ಪ್ರಶ್ನೆ ಕೇಳುತ್ತದೆ: ಹೋದ ವಾರದ ಹೊರೆ ಇಷ್ಟಕ್ಕಿಂತ ಹೆಚ್ಚೇ? ತಾಪಮಾನ 34 ದಾಟಿದೆಯೇ? ಉತ್ತರಗಳ ಮೇಲೆ ಒಂದು ಅಂಕಿ ಹೇಳುತ್ತದೆ, ತಪ್ಪುತ್ತದೆ. ಎರಡನೆಯ ವೃಕ್ಷಕ್ಕೆ ಹೊರೆಯ ಗೊಡವೆ ಇಲ್ಲ. ಮೊದಲನೆಯದು ಎಲ್ಲೆಲ್ಲಿ ಎಷ್ಟೆಷ್ಟು ತಪ್ಪಿತು ಎಂಬುದನ್ನು ಮಾತ್ರ ಅದು ಕಲಿಯುತ್ತದೆ. ಮೂರನೆಯದು ಇವೆರಡೂ ಸೇರಿ ಉಳಿಸಿದ ತಪ್ಪನ್ನು. ಒಬ್ಬ ಶಾನುಭೋಗ ಬರೆದ ಲೆಕ್ಕದಲ್ಲಿ ಉಳಿದ ವ್ಯತ್ಯಾಸವನ್ನಷ್ಟೇ ಮುಂದಿನವನು ತಿದ್ದಿ, ಅವನು ಬಿಟ್ಟದ್ದನ್ನು ಅವನ ಮುಂದಿನವನು ತಿದ್ದುತ್ತ ಹೋದ ಹಾಗೆ. ನೂರಾರು ವೃಕ್ಷಗಳು ಹೀಗೆ ಸೇರಿ ಒಂದು ಅಂಕಿ ಕೊಡುತ್ತವೆ. ಇದರಲ್ಲಿ ಮಾಯೆಯೂ ಇಲ್ಲ, ಬುದ್ಧಿಯೂ ಇಲ್ಲ; ತಾಳ್ಮೆ ಇದೆ.

ವಿದ್ಯಾರ್ಥಿಗಳಿಗೆ ಇಲ್ಲೊಂದು ಮಾತು. ಶೇ. 99 ನಿಖರತೆ ಎಂದು ಬರೆದ ಪ್ರಾಜೆಕ್ಟ್ ವರದಿ ಕೈಗೆ ಬಂದರೆ ನಾನು ಕೇಳುವುದು ಎರಡೇ ಪ್ರಶ್ನೆ. ಹೋದ ವಾರದ ಅಂಕಿಯನ್ನೇ ಹಾಗೆಯೇ ನಕಲು ಮಾಡಿದ್ದರೆ ಎಷ್ಟು ನಿಖರತೆ ಬರುತ್ತಿತ್ತು? ಪರೀಕ್ಷೆಗೆ ಬಳಸಿದ ತಾಪಮಾನ ಆ ದಿನ ನಿಜವಾಗಿ ಇದ್ದದ್ದೋ, ಹಿಂದಿನ ದಿನ ಬೆಳಿಗ್ಗೆ ಹವಾಮಾನ ಇಲಾಖೆ ಹೇಳಿದ್ದೋ? ನಾಳೆಯ ನಿಜವಾದ ತಾಪಮಾನವನ್ನು ಯಂತ್ರಕ್ಕೆ ಮೊದಲೇ ಕೊಟ್ಟು, ನೋಡಿ ನಾಳೆಯ ಹೊರೆ ಹೇಳಿತು ಎಂದು ಹಿಗ್ಗುವುದು ಪ್ರಶ್ನೆಪತ್ರಿಕೆ ಸೋರಿದ ಪರೀಕ್ಷೆಯಲ್ಲಿ ಪಾಸಾದ ಲೆಕ್ಕ. ಪ್ರಕಟವಾದ ಪ್ರಬಂಧಗಳಲ್ಲೂ ಇದು ಅಪರೂಪವಲ್ಲ.

ನಮ್ಮ ನೆಲಕ್ಕೇ ವಿಶಿಷ್ಟವಾದ ಕಾಲಮ್ಮುಗಳೂ ಬೇಕಾಗುತ್ತವೆ. ವಿದೇಶದಿಂದ ತಂದ ಸಾಫ್ಟ್‌ವೇರಿಗೆ ಡಿಸೆಂಬರ್ 25 ಗೊತ್ತು; ಆಯುಧಪೂಜೆ ಗೊತ್ತಿಲ್ಲ. ಅದು ಒಂದು ವರ್ಷ ಅಕ್ಟೋಬರ್ ಮೊದಲ ದಿನ, ಇನ್ನೊಂದು ವರ್ಷ ಅಕ್ಟೋಬರ್ ಮೂರನೆಯ ವಾರ. ಪೀಣ್ಯದ ಲೇತುಗಳು ಅಂದು ಕುಂಕುಮ ಹಚ್ಚಿಕೊಂಡು ನಿಂತಿರುತ್ತವೆ, ಕೈಗಾರಿಕೆಯ ಹೊರೆ ಇಳಿಯುತ್ತದೆ. ಗಣೇಶ ಚೌತಿ, ಯುಗಾದಿ, ದೀಪಾವಳಿ, ರಂಜಾನ್ ಎಲ್ಲಕ್ಕೂ ಇದೇ ಮಾತು. ಪಂಚಾಂಗವನ್ನು ಕೋಷ್ಟಕಕ್ಕೆ ಸೇರಿಸುವುದು ಒಂದು ಮಧ್ಯಾಹ್ನದ ಕೆಲಸ. ಅದರ ಫಲ ಕೆಲವು ದುಬಾರಿ ಅಲ್ಗಾರಿದಮ್ಮುಗಳ ಫಲಕ್ಕಿಂತ ದೊಡ್ಡದು.

ಇಷ್ಟು ಸುಲಭದ್ದು. ಕರ್ನಾಟಕದ ಬೇಡಿಕೆಯ ನಿಜವಾದ ಗಂಟು ಪಂಪ್‌ಸೆಟ್ಟಿನಲ್ಲಿದೆ. ರಾಜ್ಯದಲ್ಲಿ 30 ಲಕ್ಷಕ್ಕೂ ಹೆಚ್ಚು ನೀರಾವರಿ ಪಂಪ್‌ಸೆಟ್‌ಗಳಿವೆ. ಹತ್ತು ಅಶ್ವಶಕ್ತಿಯವರೆಗೆ ಕರೆಂಟು ಉಚಿತ, ಹೆಚ್ಚಿನವಕ್ಕೆ ಮೀಟರ್ ಇಲ್ಲ. ಅವು ಎಷ್ಟು ಯೂನಿಟ್ ಬಳಸುತ್ತವೆ ಎಂಬುದು ಅಳತೆಯಲ್ಲ, ಅಂದಾಜು. ಜೊತೆಗೆ ಅವು ಯಾವಾಗ ಓಡಬೇಕೆಂದು ನಿರ್ಧರಿಸುವುದು ರೈತನಲ್ಲ, ಊರಿಗೆ ಕರೆಂಟು ತರುವ ಮಾರ್ಗದ, ಅಂದರೆ ಫೀಡರಿನ, ವೇಳಾಪಟ್ಟಿ. ತ್ರೀ ಫೇಸ್ ಕರೆಂಟು ದಿನಕ್ಕೆ ಏಳು ಗಂಟೆ ಎಂದರೆ ಆ ಏಳು ಗಂಟೆ ಯಾವುವು ಎಂದು ಹೇಳುವವರು ನಾವು, ಎಂಜಿನಿಯರುಗಳು.

ಒಂದು ಫೀಡರನ್ನು ಹತ್ತಿರದಿಂದ ನೋಡಿ. ತ್ರೀ ಫೇಸ್ ಬರುವ ಹೊತ್ತಿಗೆ ರೈತ ತೋಟದಲ್ಲಿ ಕಾದು ಕುಳಿತಿರುವುದಿಲ್ಲ. ಅವನು ಆಟೊ ಸ್ಟಾರ್ಟರ್ ಹಾಕಿಸಿಕೊಂಡಿದ್ದಾನೆ. ಕರೆಂಟು ಬಂದ ಕೂಡಲೇ ಮೋಟರ್ ತಾನೇ ಓಡಲಾರಂಭಿಸುತ್ತದೆ. ಆ ಫೀಡರಿನ ಎಲ್ಲ ತೋಟಗಳಲ್ಲೂ ಅದೇ ಕ್ಷಣಕ್ಕೆ ಅದೇ ಆಗುತ್ತದೆ. ಹೊರೆಯ ಗೆರೆ ನಿಧಾನವಾಗಿ ಏರುವುದಿಲ್ಲ, ಮೆಟ್ಟಿಲಿನಂತೆ ಎದ್ದು ನಿಲ್ಲುತ್ತದೆ. ಟ್ರಾನ್ಸ್‌ಫಾರ್ಮರ್ ಮೊದಲೇ ಅದರ ತಾಕತ್ತಿಗೆ ಮೀರಿದ ಪಂಪುಗಳನ್ನು ಹೊತ್ತಿದ್ದರೆ ಆ ಮೆಟ್ಟಿಲಿನಲ್ಲೇ ಅದು ಸುಡುತ್ತದೆ. ಅದು ಬದಲಾಗಿ ಬರುವವರೆಗೆ ಆ ಪಂಪುಗಳ ಬೇಡಿಕೆ ದಾಖಲೆಯಲ್ಲಿ ಸೊನ್ನೆ. ಯಂತ್ರ ಈ ಸೊನ್ನೆಯನ್ನು ಓದಿ ಏನು ಕಲಿಯುತ್ತದೆ? ಈ ಊರಿನವರಿಗೆ ಈ ವಾರ ನೀರು ಬೇಕಿರಲಿಲ್ಲ ಎಂದು.

ಹಗಲಿನ ಸೌರವಿದ್ಯುತ್ ಹೆಚ್ಚಿದಂತೆ ಕೃಷಿ ಫೀಡರುಗಳನ್ನು ರಾತ್ರಿಯಿಂದ ಹಗಲಿಗೆ ಸರಿಸುತ್ತ ಬಂದಿದ್ದೇವೆ. ರಾಜ್ಯದ ಗರಿಷ್ಠ ಬೇಡಿಕೆ ಈಗ ಬೆಳಗಿನ ಹೊತ್ತಿನಲ್ಲಿ ಬೀಳುವುದು ಸಾಮಾನ್ಯವಾಗಿದೆ. ಹಳೆಯ ದಾಖಲೆಯಿಂದ ಕಲಿತ ಯಂತ್ರ ಇದನ್ನು ಜನರ ಅಭ್ಯಾಸದ ಬದಲಾವಣೆ ಎಂದು ಭಾವಿಸುತ್ತದೆ. ಬದಲಾದದ್ದು ಸುತ್ತೋಲೆ. ಆದ್ದರಿಂದ ಫೀಡರ್ ವೇಳಾಪಟ್ಟಿ ಕೋಷ್ಟಕದ ಒಂದು ಕಾಲಮ್ಮಾಗದ ಹೊರತು ಕರ್ನಾಟಕದ ಬೇಡಿಕೆಯ ಮುನ್ಸೂಚನೆ ಕರ್ನಾಟಕದ್ದಾಗುವುದಿಲ್ಲ.

ನಗರದಲ್ಲೂ ಇದೇ ಮರೆವು ಬೇರೆ ವೇಷದಲ್ಲಿದೆ. ಏಪ್ರಿಲ್ ಸಂಜೆ ಬೆಂಗಳೂರಿನಲ್ಲಿ ಗುಡುಗು ಮಳೆ ಬಂದರೆ ಹೊರೆ ಕುಸಿಯುತ್ತದೆ. ಅರ್ಧ ಕಾರಣ, ತಂಪಾಗಿ ಫ್ಯಾನು, ಏಸಿ ನಿಂತದ್ದು. ಇನ್ನರ್ಧ, ಮರದ ಕೊಂಬೆ ತಂತಿಯ ಮೇಲೆ ಬಿದ್ದು ಫೀಡರುಗಳು ಟ್ರಿಪ್ ಆದದ್ದು. ಮೊದಲನೆಯದು ತೃಪ್ತಿ, ಎರಡನೆಯದು ಸಂಕಟ. ಮೀಟರಿನಲ್ಲಿ ಎರಡೂ ಒಂದೇ ಅಂಕಿ.

ಈಗ 2023ರ ಉದಾಹರಣೆ. ಆ ವರ್ಷ ಮುಂಗಾರು ಕೈಕೊಟ್ಟಿತು. 236 ತಾಲ್ಲೂಕುಗಳಲ್ಲಿ 223 ಬರಪೀಡಿತ ಎಂದು ಸರ್ಕಾರ ಘೋಷಿಸಿತು. ಸಾಮಾನ್ಯವಾಗಿ ಆಗಸ್ಟ್, ಸೆಪ್ಟೆಂಬರ್‌ನಲ್ಲಿ ಬೇಡಿಕೆ ತಗ್ಗಿರುತ್ತದೆ. ಮಳೆ ಬೀಳುತ್ತಿರುವಾಗ ಪಂಪು ಯಾರಿಗೆ ಬೇಕು? ಉಷ್ಣ ಸ್ಥಾವರಗಳ ರಿಪೇರಿಯನ್ನೂ ಆ ತಿಂಗಳುಗಳಲ್ಲೇ ಇಟ್ಟುಕೊಳ್ಳುವುದು ವಾಡಿಕೆ. ಆ ವರ್ಷ ಒಣಗುತ್ತಿದ್ದ ಬೆಳೆಗೆ ನೀರು ಹಾಯಿಸಲು ಪಂಪುಗಳೆಲ್ಲ ಓಡಿದವು, ಜಲಾಶಯ ತುಂಬಿರಲಿಲ್ಲ, ಬೇಡಿಕೆ ಬೇಸಿಗೆಯ ಮಟ್ಟ ಮುಟ್ಟಿತು. ಅಕ್ಟೋಬರಿನಲ್ಲಿ ಸರ್ಕಾರ ವಿದ್ಯುತ್ ಕಾಯ್ದೆಯ 11ನೇ ಸೆಕ್ಷನ್ ಬಳಸಿ ರಾಜ್ಯದೊಳಗಿನ ಉತ್ಪಾದಕರು ಹೊರಗೆ ಮಾರದಂತೆ ಆದೇಶಿಸಬೇಕಾಯಿತು. ಹಿಂದಿನ ವರ್ಷಗಳಿಂದ ಕಲಿತ ಯಾವ ಮಾದರಿಗೂ ಇಂಥ ಆಗಸ್ಟ್ ಗೊತ್ತಿರಲು ಸಾಧ್ಯವಿಲ್ಲ.

ಅದೇ ಆಗಸ್ಟ್‌ನಲ್ಲಿ ಮನೆಗಳಿಗೆ ಉಚಿತ ಕರೆಂಟು ಕೊಡುವ ಗೃಹಜ್ಯೋತಿ ಯೋಜನೆಯೂ ಜಾರಿಗೆ ಬಂತು. ಬೇಡಿಕೆ ಏರಿದ್ದಕ್ಕೆ ಬರಗಾಲ ಎಷ್ಟು ಕಾರಣ, ಉಚಿತ ಕರೆಂಟು ಎಷ್ಟು ಕಾರಣ? ರಾಜಕಾರಣಿಗಳು ತಮಗೆ ಬೇಕಾದ ಉತ್ತರ ಆರಿಸಿಕೊಳ್ಳಬಹುದು. ರಾಜ್ಯದ ಒಟ್ಟು ಹೊರೆಯ ಅಂಕಿಯನ್ನಷ್ಟೇ ನೋಡುವ ಯಂತ್ರಕ್ಕೆ ಈ ಎರಡನ್ನು ಬಿಡಿಸುವ ಶಕ್ತಿ ಇಲ್ಲ, ಏಕೆಂದರೆ ಎರಡೂ ಒಟ್ಟಿಗೆ ಬಂದವು. ಬಿಡಿಸಬೇಕಾದರೆ ಮನೆಯ ಹೊರೆ, ಪಂಪಿನ ಹೊರೆ ಬೇರೆ ಬೇರೆಯಾಗಿ ಅಳತೆಗೆ ಸಿಗಬೇಕು. ನಿರಂತರ ಜ್ಯೋತಿ ಯೋಜನೆಯಲ್ಲಿ ಹಳ್ಳಿಯ ಮನೆ ಮತ್ತು ಕೃಷಿ ಫೀಡರುಗಳನ್ನು ಬೇರ್ಪಡಿಸಿದ್ದರ ನಿಜವಾದ ಬೆಲೆ ನನಗೆ ಕಾಣುವುದು ಇಲ್ಲಿ. ಅದನ್ನು ಮಾಡಿದವರು ಯಂತ್ರಕಲಿಕೆಯ ಬಗ್ಗೆ ಯೋಚಿಸಿರಲಿಕ್ಕಿಲ್ಲ. ಆದರೂ ಮಾದರಿಗಳಿಗೆ ಅವರಷ್ಟು ಉಪಕಾರ ಮಾಡಿದವರು ಕಡಿಮೆ.

ಬೇಡಿಕೆಯ ಮಾತನ್ನು ಇಲ್ಲಿಗೆ ನಿಲ್ಲಿಸಿ ಮೂರನೆಯ ಭಾಗಕ್ಕೆ ಹೊರಳುತ್ತೇನೆ. ಪಾವಗಡದ ತಿರುಮಣಿ, ವಳ್ಳೂರು, ಬಾಲಸಮುದ್ರದ ಸುತ್ತ ಸುಮಾರು 13,000 ಎಕರೆಯಲ್ಲಿ 2,050 ಮೆಗಾವಾಟ್ ಸಾಮರ್ಥ್ಯದ ಸೌರ ಪಾರ್ಕ್ ಇದೆ. ಭೂಮಿಯನ್ನು ರೈತರಿಂದ ಕೊಂಡಿಲ್ಲ, ಗುತ್ತಿಗೆಗೆ ಪಡೆದಿದ್ದಾರೆ. ಮಳೆ ಬಾರದ ಸೀಮೆ ಎಂಬುದೇ ಅದರ ಅರ್ಹತೆಯಾಯಿತು. ಮೋಡವಿಲ್ಲದ ದಿನ ಅಲ್ಲಿಯ ಉತ್ಪಾದನೆಯನ್ನು ಹೇಳಲು ಯಂತ್ರಕಲಿಕೆ ಬೇಡ. ಸೂರ್ಯನ ಕೋನ, ಫಲಕದ ಓರೆ, ತಾಪಮಾನ ಸಾಕು. ಗ್ರಹಣವೂ ಸುಲಭವೇ. 2019ರ ಡಿಸೆಂಬರ್ 26ರ ಕಂಕಣ ಗ್ರಹಣದ ನೆರಳು ದಕ್ಷಿಣ ಭಾರತವನ್ನು ದಾಟಿದಾಗ ಯಾವ ನಿಮಿಷಕ್ಕೆ ಬಿಸಿಲು ಎಷ್ಟು ಕುಂದುತ್ತದೆ ಎಂದು ಜಾಲದವರಿಗೆ ಮೊದಲೇ ಗೊತ್ತಿತ್ತು. ಕಷ್ಟವಿರುವುದು ಮೋಡದಲ್ಲಿ.

ಮೋಡಕ್ಕೆ ಎರಡು ಅವಧಿಯ ಮುನ್ಸೂಚನೆಗಳಿವೆ. ಮುಂದಿನ ಎರಡು ಮೂರು ಗಂಟೆಗಾದರೆ ಉಪಗ್ರಹ ಕೊಡುವ ಸಾಲುಸಾಲು ಚಿತ್ರಗಳಲ್ಲಿ ಮೋಡ ಯಾವ ಕಡೆ ಸರಿಯುತ್ತಿದೆ ಎಂಬುದನ್ನು ಯಂತ್ರ ಕಲಿಯಬಲ್ಲದು. ಈ ಕೆಲಸದಲ್ಲಿ ನರಜಾಲಗಳು ನಿಜಕ್ಕೂ ಒಳ್ಳೆಯವು. ನಾಳೆಗಾದರೆ ಹೆಚ್ಚಾಗಿ ಹವಾಮಾನದ ಭೌತಿಕ ಮಾದರಿಗಳನ್ನು ನೆಚ್ಚಬೇಕು. ಯಂತ್ರ ಮಾಡುವುದು ಆ ಮಾದರಿ ಈ ಜಾಗದಲ್ಲಿ ಪದೇ ಪದೇ ಮಾಡುವ ತಪ್ಪನ್ನು ತಿದ್ದುವ ಕೆಲಸ.

ಚಿತ್ರದುರ್ಗ, ಗದಗಗಳ ಗಾಳಿಯ ಲೆಕ್ಕ ಇನ್ನೂ ಒರಟು. ಗಾಳಿಯ ಶಕ್ತಿ ಅದರ ವೇಗದ ಘನಕ್ಕೆ ಅನುಗುಣ. ವೇಗದ ಅಂದಾಜು ಶೇ. 10ರಷ್ಟು ತಪ್ಪಿದರೆ ಶಕ್ತಿಯ ಅಂದಾಜು ಸುಮಾರು ಶೇ. 33ರಷ್ಟು ತಪ್ಪುತ್ತದೆ. ಗೂಗಲ್ ಮತ್ತು ಡೀಪ್‌ಮೈಂಡ್ 2019ರಲ್ಲಿ ಅಮೆರಿಕದ ಮಧ್ಯಭಾಗದ 700 ಮೆಗಾವಾಟ್ ಗಾಳಿಯಂತ್ರಗಳಿಗೆ 36 ಗಂಟೆ ಮುಂಚಿನ ಮುನ್ಸೂಚನೆ ಕಟ್ಟಿ, ಆ ವಿದ್ಯುತ್ತಿನ ಮೌಲ್ಯ ಸುಮಾರು ಶೇ. 20ರಷ್ಟು ಹೆಚ್ಚಿತು ಎಂದು ಹೇಳಿಕೊಂಡವು. ಗಮನಿಸಿ: ಹೆಚ್ಚಿದ್ದು ಮೌಲ್ಯ. ಗಾಳಿ ಬೀಸಿದಷ್ಟೇ ಬೀಸಿತು. ಮೊದಲೇ ಹೇಳಿ ಕೊಟ್ಟ ಕರೆಂಟಿಗೆ ಬೆಲೆ ಬಂತು.

ಹೇಳಿದ್ದಕ್ಕೂ ಕೊಟ್ಟದ್ದಕ್ಕೂ ವ್ಯತ್ಯಾಸವಾದರೆ ದಂಡ ಹಾಕುವ ನಿಯಮವನ್ನು ಕರ್ನಾಟಕ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗ 2015ರಲ್ಲೇ ತಂದಿತು. ಆಗ ಶೇ. 15ರವರೆಗಿನ ತಪ್ಪಿಗೆ ಮಾಫಿ, ಅದರ ಮೇಲೆ ಯೂನಿಟ್ಟಿಗೆ 50 ಪೈಸೆಯಿಂದ ಶುರುವಾಗಿ ಏರುವ ದಂಡ. ಸ್ವಾಗತಾರ್ಹವೇ. ಆದರೆ ಆ ಶೇಕಡಾವಾರು ಯಾವುದರ ಮೇಲೆ ಎಂದು ಕೇಳಬೇಕು. ನಿಯಮ ಭಾಗಿಸಿದ್ದು ಲಭ್ಯ ಸಾಮರ್ಥ್ಯದಿಂದ. 50 ಮೆಗಾವಾಟ್‌ನ ಒಂದು ಗಾಳಿ ಸ್ಥಾವರ 10 ಮೆಗಾವಾಟ್ ಕೊಡುತ್ತೇನೆ ಎಂದು ಹೇಳಿ 17 ಕೊಟ್ಟಿತು ಎನ್ನಿ. ವ್ಯತ್ಯಾಸ 7. ಐವತ್ತರಿಂದ ಭಾಗಿಸಿದರೆ ಶೇ. 14, ದಂಡವಿಲ್ಲ. ನಿಜವಾಗಿ ಬಂದ 17ರಿಂದ ಭಾಗಿಸಿದರೆ ಶೇ. 41. ಸಣ್ಣ ಉತ್ಪಾದಕರನ್ನು ಕಾಯುವ ಉದ್ದೇಶದಿಂದ ಮಾಡಿದ ನಿಯಮವಿರಬಹುದು, ಅದಕ್ಕೆ ನನ್ನ ತಕರಾರಿಲ್ಲ. ಆದರೆ ಮಾದರಿ ಕಟ್ಟುವವನು ದಂಡ ತಪ್ಪಿಸುವುದನ್ನೇ ಯಂತ್ರಕ್ಕೆ ಗುರಿಯಾಗಿ ಕೊಟ್ಟರೆ, ಯಂತ್ರ ಗಾಳಿಯನ್ನು ಬಿಟ್ಟು ನಿಯಮವನ್ನು ಕಲಿಯುತ್ತದೆ. ಅಳತೆಗೋಲು ಬರೆಯುವವರೇ ಇಲ್ಲಿ ಗುರುಗಳು.

ಕೊನೆಯ ಭಾಗಕ್ಕೆ ಬಂದೆವು: ಅಂಕಿ ಕೈಗೆ ಬಂತು, ಈಗ ಏನು ಮಾಡಬೇಕು? ಮೊದಲನೆಯದಾಗಿ, ಒಂದೇ ಅಂಕಿಯನ್ನು ಕೇಳುವುದನ್ನು ನಾವು ಬಿಡಬೇಕು. ನಾಳೆ ಸಂಜೆ ಏಳಕ್ಕೆ 14,000 ಮೆಗಾವಾಟ್ ಎಂಬ ಉತ್ತರ ಪೂರ್ತಿಯಲ್ಲ. 14,600 ಮೀರುವ ಸಾಧ್ಯತೆ ಹತ್ತರಲ್ಲಿ ಒಂದು ಎಂಬುದೂ ಉತ್ತರದಲ್ಲಿರಬೇಕು. ಎಷ್ಟು ಕೊಳ್ಳಬೇಕೆಂಬುದು ತಪ್ಪಿನ ಬೆಲೆಯ ಮೇಲೆ ನಿಂತಿದೆ. ಲೆಕ್ಕದ ಅನುಕೂಲಕ್ಕೆ, ಕೊಂಡು ಉಳಿದದ್ದಕ್ಕೆ ಯೂನಿಟ್ಟಿಗೆ 2 ರೂಪಾಯಿ ನಷ್ಟ, ಕೊರತೆ ಬಿದ್ದರೆ 6 ರೂಪಾಯಿ ನಷ್ಟ ಎಂದು ಹಿಡಿಯಿರಿ. ಆರನ್ನು ಎಂಟರಿಂದ ಭಾಗಿಸಿದರೆ ಮುಕ್ಕಾಲು. ನಾಲ್ಕು ದಿನದಲ್ಲಿ ಮೂರು ದಿನ ಸಾಕಾಗುವಷ್ಟು ಕೊಳ್ಳುವುದು ಲಾಭ. ನಡುವಿನ ಅಂಕಿಯನ್ನು ಕೊಂಡರೆ ನಷ್ಟ. ಅತಿ ನಿಖರವಾದ ಅಂದಾಜನ್ನೇ ಕೊಳ್ಳುವುದು ಜಾಣತನವಲ್ಲ ಎಂಬ ಈ ಮಾತನ್ನು ಆಡಿಟರುಗಳಿಗೆ ಒಪ್ಪಿಸುವುದು ಕಷ್ಟ. ಹೆಚ್ಚು ಕೊಂಡದ್ದೇಕೆ ಎಂಬ ಆಕ್ಷೇಪ ಕಡತಕ್ಕೆ ಬರುತ್ತದೆ, ಕಡಿಮೆ ಕೊಂಡು ಕತ್ತಲಾದದ್ದಕ್ಕೆ ಕಡತವಿಲ್ಲ.

ಎರಡನೆಯದು ನೀರು. ರಾಯಚೂರಿನ ಕಲ್ಲಿದ್ದಲ ಘಟಕ ತಣ್ಣಗಾಗಿದ್ದರೆ ಮತ್ತೆ ಹಚ್ಚಲು ಗಂಟೆಗಟ್ಟಲೆ ಬೇಕು. ಹಚ್ಚಿದಮೇಲೂ ಒಂದು ಮಟ್ಟಕ್ಕಿಂತ ಕೆಳಗೆ ಇಳಿಸುವಂತಿಲ್ಲ. 1,035 ಮೆಗಾವಾಟ್‌ನ ಶರಾವತಿ ಜಲವಿದ್ಯುತ್ ಕೇಂದ್ರ ನಿಮಿಷಗಳಲ್ಲಿ ಏರುತ್ತದೆ, ಇಳಿಯುತ್ತದೆ. ಹಾಗಾಗಿ ಮುನ್ಸೂಚನೆಯ ತಪ್ಪನ್ನೆಲ್ಲ ಕೊನೆಗೆ ಹೊರುವುದು ಅದರ ಜಲಾಶಯವಾದ ಲಿಂಗನಮಕ್ಕಿಯ ನೀರು. ಇಂದು ಬಿಟ್ಟ ನೀರು ಏಪ್ರಿಲ್‌ಗೆ ಇರುವುದಿಲ್ಲ. ಒಳ್ಳೆಯ ಮುನ್ಸೂಚನೆ ಎಂದರೆ ಇಲ್ಲಿ ಉಳಿದ ನೀರು ಎಂದೇ ಅರ್ಥ. ಶರಾವತಿ ಕಣಿವೆಯಲ್ಲಿ ನೀರನ್ನು ಮೇಲಕ್ಕೆತ್ತಿ ಸಂಗ್ರಹಿಸಿಡುವ 2,000 ಮೆಗಾವಾಟ್‌ನ ಪಂಪ್ಡ್ ಸ್ಟೋರೇಜ್ ಯೋಜನೆಯ ಪರ ವಿರೋಧ ಚರ್ಚೆ ನಡೆದಿದೆ. ಸಿಂಗಳೀಕದ ಕಾಡಿನ ಪ್ರಶ್ನೆ ಅಲ್ಲಿದೆ. ಆ ಚರ್ಚೆಯಲ್ಲಿ ಕೇಳಲೇಬೇಕಾದ ಒಂದು ಪ್ರಶ್ನೆ: ಮುನ್ಸೂಚನೆಯನ್ನು ಸುಧಾರಿಸಿದಮೇಲೂ ಎಷ್ಟು ಸಂಗ್ರಹ ಬೇಕು?

ದೇಶ ಕಂಡ ದೊಡ್ಡ ಪರೀಕ್ಷೆ 2020ರ ಏಪ್ರಿಲ್ 5ರದು. ರಾತ್ರಿ 9ಕ್ಕೆ ಒಂಬತ್ತು ನಿಮಿಷ ದೀಪ ಆರಿಸಿ ಎಂದು ಪ್ರಧಾನಿ ಕರೆ ಕೊಟ್ಟಿದ್ದರು. ಮನೆ ದೀಪಗಳ ಲೆಕ್ಕ ಹಾಕಿ, 12ರಿಂದ 13 ಸಾವಿರ ಮೆಗಾವಾಟ್ ಇಳಿಯಬಹುದೆಂದು ಅಂದಾಜಿಸಲಾಗಿತ್ತು. ಇಳಿದದ್ದು ಸುಮಾರು 31 ಸಾವಿರ. ಅಂಥ ದಿನ ಹಿಂದೆ ಎಂದೂ ಬಂದಿರಲಿಲ್ಲವಾದ್ದರಿಂದ ಕಲಿಯಲು ದಾಖಲೆಯೇ ಇರಲಿಲ್ಲ. ಆದರೂ ಜಾಲ ಉಳಿಯಿತು. ಆವರ್ತಾಂಕ 49.7ರಿಂದ 50.26ರವರೆಗೆ ತೂಗಾಡಿ ಸರಿಹೋಯಿತು. ಉಳಿಸಿದ್ದು ಮುನ್ಸೂಚನೆಯಲ್ಲ, ಅದು ತಪ್ಪಬಹುದೆಂಬ ಎಚ್ಚರ: ಜಲವಿದ್ಯುತ್ತನ್ನು ಮೊದಲೇ ಏರಿಸಿಟ್ಟುಕೊಂಡು, ಬೇಡಿಕೆ ಬಿದ್ದಂತೆ 17 ಸಾವಿರ ಮೆಗಾವಾಟ್‌ಗೂ ಹೆಚ್ಚು ಇಳಿಸಿದರು. ಸ್ಥಾವರಗಳಲ್ಲಿ ಜನ ಸ್ವಿಚ್ಚಿನ ಬಳಿ ನಿಂತಿದ್ದರು.

ಹಾಗಾದರೆ ಸ್ವಿಚ್ಚನ್ನೇ ಯಂತ್ರದ ಕೈಗೆ ಕೊಡಬಹುದೇ? ಟ್ರಾನ್ಸ್‌ಫಾರ್ಮರ್ ಎಣ್ಣೆಯಲ್ಲಿ ಕರಗಿದ ಅನಿಲಗಳನ್ನು ನೋಡಿ ಯಾವುದು ಕೆಡಲಿದೆ ಎಂದು ಅದು ಹೇಳಲಿ. ಸಾವಿರ ಸಾಧ್ಯತೆಗಳನ್ನು ಕ್ಷಣದಲ್ಲಿ ಜರಡಿ ಹಿಡಿದು ಹತ್ತನ್ನು ಎಂಜಿನಿಯರಿನ ಮುಂದಿಡಲಿ. ತಂತಿಯ ಮಿತಿ, ವೋಲ್ಟೇಜಿನ ಮಿತಿಗಳನ್ನು ಭೌತಶಾಸ್ತ್ರದ ಲೆಕ್ಕವೇ ಕಾಯಬೇಕು. ಒಂದು ಕಡೆ ಮಾತ್ರ ನಾನು ಖಂಡಿತವಾಗಿ ಬೇಡ ಎನ್ನುತ್ತೇನೆ: ಕೊರತೆ ಬಿದ್ದಾಗ ಯಾವ ಫೀಡರ್ ಕತ್ತರಿಸಬೇಕೆಂಬ ತೀರ್ಮಾನ. ಕಳೆದ ದಶಕಗಳಲ್ಲಿ ನಾವು ಹೆಚ್ಚಾಗಿ ಕತ್ತರಿಸಿದ್ದು ಹಳ್ಳಿಯ ಫೀಡರುಗಳನ್ನು. ಅಲ್ಲಿ ಕರೆಂಟು ಹೋದರೆ ದೂರಿನ ಕರೆ ಕಡಿಮೆ, ಆದಾಯ ನಷ್ಟವೂ ಕಡಿಮೆ. ಆ ದಾಖಲೆಯಿಂದ ಕಲಿತ ಯಂತ್ರ ಮತ್ತೆ ಅದೇ ಹಳ್ಳಿಯನ್ನು ಆರಿಸುತ್ತದೆ, ಮತ್ತು ಈ ಬಾರಿ ಅದಕ್ಕೆ ವೈಜ್ಞಾನಿಕ ಎಂಬ ಮುದ್ರೆ ಬೀಳುತ್ತದೆ. ಅದು ಹೊಣೆ ಹೊತ್ತು ಉತ್ತರ ಹೇಳಬಲ್ಲ ಮನುಷ್ಯರು ಮಾಡಬೇಕಾದ ತೀರ್ಮಾನ.

ಸಭೆಯಲ್ಲಿ ವಿದ್ಯುತ್ ಸರಬರಾಜು ಕಂಪನಿಗಳ (ಎಸ್ಕಾಂ) ಎಂಜಿನಿಯರುಗಳು ಇರುವುದರಿಂದ ಒಂದು ಮನವಿಯೊಂದಿಗೆ ಮುಗಿಸುತ್ತೇನೆ. ಪ್ರತಿ ಫೀಡರಿನ ಹದಿನೈದು ನಿಮಿಷದ ಅಂಕಿಯ ಪಕ್ಕದಲ್ಲಿ ಇನ್ನೊಂದು ಕಾಲಮ್ ಸೇರಿಸಿ: ಈ ಹೊತ್ತಿನಲ್ಲಿ ಕರೆಂಟು ಇತ್ತೋ, ಟ್ರಿಪ್ ಆಗಿತ್ತೋ, ನಾವೇ ತೆಗೆದಿದ್ದೆವೋ. ಆಯ್ದ ಕೆಲವು ಸಾವಿರ ಪಂಪ್‌ಸೆಟ್‌ಗಳಿಗಾದರೂ, ಬಿಲ್ ಹಾಕುವ ಉದ್ದೇಶವಿಲ್ಲವೆಂದು ರೈತರಿಗೆ ಬರೆದುಕೊಟ್ಟು, ಮೀಟರ್ ಕೂರಿಸಿ. ಆ ದಾಖಲೆಯನ್ನು ಗ್ರಾಹಕರ ಹೆಸರು ತೆಗೆದು ರಾಜ್ಯದ ಎಂಜಿನಿಯರಿಂಗ್ ಕಾಲೇಜುಗಳಿಗೆ ಕೊಡಿ. ಅಲ್ಗಾರಿದಮ್ ಉಚಿತವಾಗಿ ಸಿಗುತ್ತದೆ, ಅದನ್ನು ಓಡಿಸಬಲ್ಲ ಹುಡುಗ ಹುಡುಗಿಯರು ಈ ಸಭಾಂಗಣದ ಹಿಂದಿನ ಸಾಲುಗಳಲ್ಲೇ ಕುಳಿತಿದ್ದಾರೆ. ಅವರಿಗೆ ಸಿಗದೆ ಇರುವುದು ಆ ಒಂದು ಕಾಲಮ್.